ಮಾಲ್ಥಸ್ ಎಂಬ ಮನೆತನದ ಹೆಸರು

ಅರ್ಥಶಾಸ್ತ್ರದ ಎಂ.ಎ. ತರಗತಿಯಲ್ಲಿ ಜನಸಂಖ್ಯಾ ಸಿದ್ಧಾಂತವನ್ನು ಓದಿದ ನಮಗೆಲ್ಲ ಮಾಲ್ಥಸ್ ಎಂಬುದು ಒಂದು ವಾದದ ಹೆಸರಾಗಿತ್ತೇ ಹೊರತು ಮನೆತನದ ಹೆಸರಾಗಿ ಕಾಣಿಸಿದ್ದಿಲ್ಲ. ಇಂಗ್ಲೆಂಡಿನಲ್ಲಿ ಅದು ಅತಿ ವಿರಳವಾದ ಕುಲನಾಮ. ಅದರ ಹುಟ್ಟು ಮಾತ್ರ ತೀರ ಸಾಮಾನ್ಯವಾದುದು. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ ಒಣಗಿಸುವ ಕಟ್ಟಡಕ್ಕೆ ಅಲ್ಲಿ ‘ಮಾಲ್ಟ್ ಹೌಸ್’ ಎನ್ನುತ್ತಾರೆ. ನಮ್ಮ ರಾಗಿ ಮಾಲ್ಟಿನಲ್ಲಿರುವ ‘ಮಾಲ್ಟ್’ ಕೂಡ ಇದೇ ಪದ. ಮಧ್ಯಯುಗದಲ್ಲಿ ಕುಲನಾಮಗಳು ತಂದೆಯಿಂದ ಮಗನಿಗೆ ಸಾಗತೊಡಗಿದಾಗ, ಆ ಕಟ್ಟಡದ ಬಳಿ ವಾಸಿಸುತ್ತಿದ್ದವರಿಗೋ ಅಲ್ಲಿ ದುಡಿಯುತ್ತಿದ್ದವರಿಗೋ ಅದರ ಹೆಸರೇ ಅಂಟಿಕೊಂಡಿತು. ಕೆಲವರು ಮಾಲ್ಟ್‌ಹೌಸ್ ಆದರು, ಕೆಲವರು ಮಾಲ್ಥಸ್ ಆದರು. ‘ಮನೆ’ ಎಂಬರ್ಥದ ಪದದ ಹಳೆಯ ಇಂಗ್ಲಿಷ್ ರೂಪವು ಮಾಲ್ಥಸ್‌ನ ಕೊನೆಯಲ್ಲಿ ಇನ್ನೂ ಉಳಿದಿದೆ.

ಥಾಮಸ್ ರಾಬರ್ಟ್ ಮಾಲ್ಥಸ್ 1798ರಲ್ಲಿ ಜನಸಂಖ್ಯೆಯ ಕುರಿತ ಪ್ರಬಂಧವನ್ನು ಪ್ರಕಟಿಸಿದಾಗ ಅದರ ಮೇಲೆ ಕರ್ತೃವಿನ ಹೆಸರೇ ಇರಲಿಲ್ಲ. ಹೆಸರು ಕಾಣಿಸಿಕೊಂಡದ್ದು 1803ರ ಎರಡನೆಯ ಆವೃತ್ತಿಯಲ್ಲಿ. ಮುಂದೆ ಅದು ವಿಶೇಷಣವಾಯಿತು. ಬಡವರ ಪರವಾಗಿ ಬರೆದವರ ಬಾಯಲ್ಲಿ ಬೈಗುಳವೂ ಆಯಿತು.

ಜನರು ಆಹಾರವನ್ನು ಮೀರಿ ಹೆಚ್ಚುವರೆಂದು ಬರೆದವನ ವಂಶವೇ ಬೆಳೆಯಲಿಲ್ಲ ಎಂಬುದೊಂದು ವಿಚಿತ್ರ. ಮೂವರು ಮಕ್ಕಳಲ್ಲಿ ಕಿರಿಯ ಮಗಳು ಎಳವೆಯಲ್ಲೇ ತೀರಿಕೊಂಡಳು. ಮಿಕ್ಕಿಬ್ಬರಿಗೆ ಸಂತಾನವಾಗಲಿಲ್ಲ. ಹೆಸರನ್ನು ಉಳಿಸಿದ್ದು ಅಣ್ಣ ಸಿಡ್ನಮ್‌ನ ಸಂತತಿ. ಗಂಡು ಸಂತಾನದ ಮೂಲಕವೇ ಸಾಗುವ ಹೆಸರು ರೋಗ, ದಾರಿದ್ರ್ಯಗಳಿಲ್ಲದೆಯೂ ಕೇವಲ ಆಕಸ್ಮಿಕದಿಂದ ಅಳಿಯಬಲ್ಲದೆಂದು ಫ್ರಾನ್ಸಿಸ್ ಗಾಲ್ಟನ್ ಮತ್ತು ವಾಟ್ಸನ್ 1874ರಲ್ಲಿ ಗಣಿತದಿಂದಲೇ ವಿವರಿಸಿದರು.

ಸರ್ಕಾರಿ ಸೇವೆಯಲ್ಲಿದ್ದ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. 1805ರಿಂದ 1834ರಲ್ಲಿ ಸಾಯುವವರೆಗೂ ಮಾಲ್ಥಸ್, ಈಸ್ಟ್ ಇಂಡಿಯಾ ಕಂಪನಿಯ ಕಾಲೇಜಿನಲ್ಲಿ ಪ್ರಾಧ್ಯಾಪಕನಾಗಿದ್ದ. ಹೇಲಿಬರಿಯಲ್ಲಿ ನೆಲೆಗೊಂಡ ಆ ಕಾಲೇಜಿನಲ್ಲಿ ತರಬೇತಾದ ತರುಣರೇ ಇಲ್ಲಿಗೆ ಬಂದು ಜಿಲ್ಲೆಗಳನ್ನು ಆಳಿದರು. ಇಂಗ್ಲೆಂಡಿನಲ್ಲಿ ಕೈಬೆರಳೆಣಿಕೆಯ ಮನೆಗಳಿಗೆ ಸೀಮಿತವಾಗಿದ್ದ ಹೆಸರು ನಮ್ಮ ಕಡತಗಳ ಹಿಂದಿನ ವಿಚಾರವಾಗಿ ಹಬ್ಬಿದ್ದು ಹೀಗೆ. ದಕ್ಷಿಣ ಭಾರತ ಹಸಿವಿನಿಂದ ತತ್ತರಿಸುತ್ತಿದ್ದ 1877ರಲ್ಲಿ ವೈಸರಾಯ್ ಲಿಟ್ಟನ್, ಇಲ್ಲಿಯ ಜನಸಂಖ್ಯೆ ಆಹಾರಕ್ಕಿಂತ ವೇಗವಾಗಿ ಬೆಳೆಯುತ್ತದೆ ಎಂದೇ ವಾದಿಸಿದ. ದವಸವಿದ್ದೆಡೆಯಿಂದ ಹಸಿದವನಿಗೆ ಅದನ್ನು ತಲುಪಿಸಬೇಕಾದ ಆಡಳಿತಕ್ಕೆ ಇದಕ್ಕಿಂತ ಅನುಕೂಲವಾದ ಸಮಜಾಯಿಷಿ ಬೇಕಿತ್ತೇ? ನಮ್ಮ ಹಿರಿಯರು ಧಾತು-ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತಿದ್ದ ಕ್ಷಾಮ ಅದು. 1871ರ ಗಣತಿಯಲ್ಲಿ 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ, 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು.