ಹಿಮದ ನಾಡಿನಲ್ಲಿ ಛಾಯಾಗ್ರಾಹಕ

ಕಪ್ಪು ನಿಲುವಂಗಿ ತೊಟ್ಟ ವಕೀಲರಂತೆ ಸಾಲಾಗಿ ನಿಂತ ಪೆಂಗ್ವಿನ್ ಹಕ್ಕಿಗಳ ಚಿತ್ರವನ್ನು ನೋಡದ ಮಕ್ಕಳು ವಿರಳ. ಪಠ್ಯಪುಸ್ತಕದಲ್ಲಿಯೂ ಗೋಡೆಯ ಕ್ಯಾಲೆಂಡರಿನಲ್ಲಿಯೂ ಅದು ಕಾಣಸಿಗುತ್ತದೆ. ಅದನ್ನು ನೋಡಿ ಮಕ್ಕಳು ನಗುತ್ತಾರೆ, ನಾವೂ ನಗುತ್ತೇವೆ. ಆದರೆ ಆ ಹಕ್ಕಿಗಳ ಇದಿರಿಗೆ ಯಂತ್ರವನ್ನು ಹೂಡಿಕೊಂಡು ನಿಂತವನು ಯಾರು, ಆತನು ಪಟ್ಟ ಪಾಡೇನು ಎಂಬ ವಿಚಾರವು ನಮ್ಮ ಮನಸ್ಸಿಗೆ ಬರುವುದು ಅಪೂರ್ವ. ಚಿತ್ರದಲ್ಲಿ ಕಾಣಿಸದವನು ಅವನೊಬ್ಬನೇ ಅಲ್ಲವೆ? ಅಂಥವನೊಬ್ಬನ ವೃತ್ತಾಂತವನ್ನು ವಾಚಕರ ಮುಂದೆ ಸಂಗ್ರಹವಾಗಿ ಇಡುವೆವು.

ಹರ್ಬರ್ಟ್ ಪಾಂಟಿಂಗ್ ಎಂಬಾತನು 1870ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವನು. ಜಪಾನು ಮೊದಲಾದ ದೇಶಗಳನ್ನು ಸುತ್ತಿ, ಅಲ್ಲಿಯ ಚಿತ್ರಗಳಿಂದ ಹೆಸರು ಪಡೆದಿದ್ದನು. 1910ರಲ್ಲಿ ಕ್ಯಾಪ್ಟನ್ ಸ್ಕಾಟನು ದಕ್ಷಿಣ ಧ್ರುವವನ್ನು ಮುಟ್ಟುವ ಉದ್ದೇಶದಿಂದ ‘ಟೆರಾ ನೋವಾ’ ಎಂಬ ಹಡಗಿನಲ್ಲಿ ಹೊರಟಾಗ, ಈತನನ್ನೂ ಜತೆಗೆ ಸೇರಿಸಿಕೊಂಡನು. ಛಾಯಾಗ್ರಹಣವನ್ನೇ ವೃತ್ತಿಯಾಗಿ ಉಳ್ಳವನು ಆ ಖಂಡಕ್ಕೆ ಯಾತ್ರೆ ಹೋದುದು ಅದೇ ಮೊದಲೆಂದು ಪ್ರಸಿದ್ಧಿ. 1911ರ ಜನವರಿಯಲ್ಲಿ ತಂಡವು ರಾಸ್ ದ್ವೀಪದ ಎವಾನ್ಸ್ ಭೂಶಿರದಲ್ಲಿ ಇಳಿದು, ಮರದ ಮನೆಯೊಂದನ್ನು ಕಟ್ಟಿಕೊಂಡಿತು. ಅದರಲ್ಲಿ ಒಂದು ಪುಟ್ಟ ಕತ್ತಲೆಕೋಣೆಯು ಪಾಂಟಿಂಗನ ಪಾಲಿಗೆ ಬಂದಿತು. ಚಿತ್ರಗಳನ್ನು ತೊಳೆಯುವುದೂ ಅಲ್ಲಿಯೇ, ಆತನು ಮಲಗುವುದೂ ಅಲ್ಲಿಯೇ.

ಬಂದ ಹೊಸತರಲ್ಲಿಯೇ ಆತನ ಪ್ರಾಣಕ್ಕೆ ಸಂಚಕಾರ ಬಂದಿತ್ತು. ಹಡಗಿನ ಬಳಿ ಹೆಪ್ಪುಗಟ್ಟಿದ ಕಡಲಿನ ಅಂಚಿಗೆ ಆರೇಳು ಓರ್ಕಾ ತಿಮಿಂಗಿಲಗಳು ಬಂದವು. ಕೊಲೆಗಡುಕ ತಿಮಿಂಗಿಲವೆಂದು ನಾವಿಕರು ಹೆಸರಿಟ್ಟಿರುವುದು ಈ ಪ್ರಾಣಿಗೇ. ಹಿಮದ ಮೇಲೆ ಎರಡು ನಾಯಿಗಳನ್ನು ಕಟ್ಟಿಹಾಕಿತ್ತು. ಹತ್ತಿರದ ಚಿತ್ರವೊಂದು ದೊರೆಯಲೆಂದು ಪಾಂಟಿಂಗನು ಯಂತ್ರವನ್ನು ಹಿಡಿದು ಅಂಚಿಗೆ ಓಡಿದನು. ಅಷ್ಟರಲ್ಲಿ ತಿಮಿಂಗಿಲಗಳು ಮಾಯವಾದವು. ಮರುಕ್ಷಣವೇ ಕಾಲಡಿಯ ಹಿಮವು ಮೇಲಕ್ಕೆದ್ದು, ದೊಡ್ಡ ಸದ್ದಿನೊಡನೆ ಬಿರಿದು ಚೂರಾಯಿತು. ತಿಮಿಂಗಿಲಗಳು ಕೆಳಗಿನಿಂದ ಬೆನ್ನು ಕೊಟ್ಟು 2½ ಅಡಿ ದಪ್ಪದ ಹಿಮವನ್ನು ಒಡೆಯುತ್ತಿದ್ದವು! ಬಿರುಕುಗಳ ನಡುವೆ ಅವುಗಳ ತಲೆಗಳು 6-8 ಅಡಿ ಎತ್ತರಕ್ಕೆ ನೆಟ್ಟಗೆ ಎದ್ದು ಇಣಿಕಿ ನೋಡಿದವು. ಪಾಂಟಿಂಗನು ಹೇಗೋ ಕಾಲೂರಿಕೊಂಡು, ಚೂರಿನಿಂದ ಚೂರಿಗೆ ನೆಗೆದು ಪಾರಾದನು. ನಾಯಿಗಳೂ ದೈವಯೋಗದಿಂದ ಉಳಿದವು. ನೋಡುತ್ತಿದ್ದ ಸ್ಕಾಟನು ಈ ಸಂಗತಿಯನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ.

ಹಿಮದ ಮೇಲೆ ಮಲಗಿರುವ ಸೀಲ್ ಪ್ರಾಣಿಗಳನ್ನು ನೀರಿಗೆ ಕೆಡಹಿ ಹಿಡಿಯುವುದು ಆ ಸಮುದ್ರದ ಓರ್ಕಾಗಳ ಬೇಟೆಯ ಕ್ರಮವೆಂದು ಈಗ ಚೆನ್ನಾಗಿ ತಿಳಿದಿದೆ. ಕೆಳಗಿನಿಂದ ನೋಡಿದ ಅವುಗಳಿಗೆ ನಾಯಿಗಳು ಸೀಲ್‌ಗಳಂತೆ ತೋರಿದ್ದಿರಬಹುದು. ಮನುಷ್ಯನನ್ನು ಅವು ದ್ವೇಷಿಸುತ್ತಿರಲಿಲ್ಲ. ಅವುಗಳ ಪಾಕಶಾಲೆಯ ಮಾಡಿನ ಮೇಲೆ ಆತನು ಹೋಗಿ ನಿಂತಿದ್ದನು, ಅಷ್ಟೆ.

ತಿಮಿಂಗಿಲದ ಭಯವಾದರೋ ಎಂದೋ ಒಮ್ಮೆ. ಚಳಿಯ ಬಾಧೆ ಪ್ರತಿದಿನದ್ದು. ತಣ್ಣೀರು ತುಂಬಿದ ತಂಬಿಗೆಯ ಮೈ ಬೇಸಗೆಯಲ್ಲಿ ಬೆವರುವುದನ್ನು ನಮ್ಮ ಗೃಹಿಣಿಯರೆಲ್ಲರೂ ಬಲ್ಲರು. ಹೊರಗಿನ ಶೀತದಿಂದ ಬೆಚ್ಚಗಿನ ಮನೆಯೊಳಕ್ಕೆ ತಂದ ಯಂತ್ರವೂ ಹಾಗೆಯೇ ಬೆವರುತ್ತದೆ. ಮತ್ತೆ ಹೊರಗೆ ಒಯ್ದರೆ ಆ ಬೆವರೇ ಮಂಜಾಗಿ ಮಸೂರಕ್ಕೂ ಕೀಲುಗಳಿಗೂ ಹತ್ತಿಕೊಳ್ಳುತ್ತದೆ. ಆದಕಾರಣ ಯಂತ್ರಗಳನ್ನು ಚಳಿಯಲ್ಲಿಯೇ ಬಿಟ್ಟಿರಬೇಕು. ಮಸೂರದ ಮೇಲೆ ಉಸಿರು ಬಿದ್ದರೂ ಹೆಪ್ಪುಗಟ್ಟುವುದು. ಕೈಚೀಲ ತೊಟ್ಟರೆ ಸಣ್ಣ ತಿರುಪುಗಳು ಹಿಡಿತಕ್ಕೆ ಬಾರವು. ಕಳಚಿದರೆ ಬೆರಳು ಮರಗಟ್ಟುವುದು. ಒಮ್ಮೆ ಆತನ ನಾಲಗೆಯ ತುದಿಯು ಯಂತ್ರದ ಲೋಹಕ್ಕೆ ತಗುಲಿ ಅಂಟಿಕೊಂಡು, ಬಿಡಿಸುವಾಗ ಚರ್ಮವೇ ಕಿತ್ತುಬಂದಿತಂತೆ. ಗಾಜಿನ ಫಲಕಗಳ ಭಾರವನ್ನೂ ಇದಕ್ಕೆ ಸೇರಿಸಿದರೆ, ಒಂದೊಂದು ಚಿತ್ರದ ಬೆಲೆಯು ಮನಸ್ಸಿಗೆ ಬಂದೀತು.

ಇಷ್ಟಾದರೂ ಆತನ ಉತ್ತಮ ಚಿತ್ರಗಳು ಸಾಹಸದಿಂದ ದೊರೆತವಲ್ಲ, ತಾಳ್ಮೆಯಿಂದ ದೊರೆತವು. ರಾಯ್ಡ್ಸ್ ಭೂಶಿರದಲ್ಲಿ ಅಡೆಲಿ ಪೆಂಗ್ವಿನ್‌ಗಳ ವಸತಿಯಿದೆ. ಆ ಹಕ್ಕಿಗಳ ಗೂಡೆಂದರೆ ಬೆಣಚುಕಲ್ಲುಗಳ ಒಂದು ಬಳೆ. ನೆರೆಮನೆಯವರು ಅತ್ತ ತಿರುಗಿದೊಡನೆ ಕಲ್ಲನ್ನು ಕದ್ದು ತಂದು ತನ್ನ ಗೂಡಿಗೆ ಇಟ್ಟುಕೊಳ್ಳುವ ಚಾತುರ್ಯವೂ ಅವುಗಳಿಗುಂಟು. ಸಾಮಾನ್ಯವಾಗಿ ಎರಡು ಮೊಟ್ಟೆ. ಗಂಡುಹೆಣ್ಣುಗಳೆರಡೂ ಸರದಿಯ ಮೇಲೆ ಕಾವು ಕೊಡುತ್ತವೆ. ಮೊಟ್ಟೆಮರಿಗಳನ್ನು ಅಪಹರಿಸಲು ಸ್ಕೂವಾ ಎಂಬ ಕಡಲಹಕ್ಕಿಯು ಮೇಲೆ ಸುಳಿಯುತ್ತಿರುತ್ತದೆ. ಸೂರ್ಯನು ಮುಳುಗದ ಆ ಬೇಸಗೆಯಲ್ಲಿ ಪಾಂಟಿಂಗನು ಅಲ್ಲಿ ಬಿಡಾರ ಹೂಡಿ, ಈ ಸಂಸಾರಗಳ ನಡುವೆ ಕಾದು ಕುಳಿತು, ನಿಲುಚಿತ್ರಗಳನ್ನೂ ಚಲನಚಿತ್ರವನ್ನೂ ತೆಗೆದನು. ಸೀಲ್ ಪ್ರಾಣಿಯು ಮರಿಗೆ ಹಾಲೂಡುವುದನ್ನೂ ಆತನು ಚಿತ್ರಿಸಿದನು.

1912ರಲ್ಲಿ ಪಾಂಟಿಂಗನು ಸ್ವದೇಶಕ್ಕೆ ಹೊರಟನು. ಆ ವರ್ಷದ ಜನವರಿ 17ರಂದು ಧ್ರುವವನ್ನು ಮುಟ್ಟಿದ ಸ್ಕಾಟನೂ ಆತನ ನಾಲ್ವರು ಸಂಗಡಿಗರೂ ಹಿಂದಿರುಗುವಾಗ ಹಿಮದಲ್ಲಿ ಮಡಿದರು. ಆ ಮಿತ್ರರ ನೆನಪನ್ನು ಉಳಿಸುವುದೇ ಪಾಂಟಿಂಗನ ಉಳಿದ ಬಾಳಿನ ಕೆಲಸವಾಯಿತು. 1924ರಲ್ಲಿಯೂ 1933ರಲ್ಲಿಯೂ ಅದೇ ಚಲನಚಿತ್ರವನ್ನು ಹೊಸದಾಗಿ ಜೋಡಿಸಿ ಜನರಿಗೆ ತೋರಿಸಿದನು. 1935ರಲ್ಲಿ ತೀರಿಕೊಂಡನು.

ಇನ್ನು, ನಮ್ಮ ಕಾಲದ ಒಂದು ನಿದರ್ಶನವನ್ನು ಹೇಳುವೆವು. ಚಿರತೆಸೀಲ್ ಎಂಬುದು ದಕ್ಷಿಣ ಸಮುದ್ರದ ಬಲಿಷ್ಠ ಬೇಟೆಗಾರ ಪ್ರಾಣಿ. 2003ರಲ್ಲಿ ಅಲ್ಲಿ ನೀರಿಗಿಳಿದಿದ್ದ ಬ್ರಿಟಿಷ್ ವಿಜ್ಞಾನಿಯೊಬ್ಬಳು ಇದರ ಹಿಡಿತಕ್ಕೆ ಸಿಕ್ಕಿ ಮೃತಳಾದಳು. ಇದಾದ ಕೆಲವೇ ವರ್ಷಗಳಲ್ಲಿ ಕೆನಡಾ ದೇಶದ ಪಾಲ್ ನಿಕ್ಲೆನ್ ಎಂಬ ಛಾಯಾಗ್ರಾಹಕನು ಅದೇ ಪ್ರಾಣಿಯ ಚಿತ್ರ ತೆಗೆಯಲು ನೀರಿಗಿಳಿದನು. ದೊಡ್ಡದೊಂದು ಹೆಣ್ಣುಸೀಲ್ ಬಾಯಿ ತೆರೆದು ಬೆದರಿಸಿತು. ಆತನು ಕದಲಲಿಲ್ಲ. ಆಮೇಲೆ ಅದು ಜೀವಂತ ಪೆಂಗ್ವಿನ್ನೊಂದನ್ನು ತಂದು ಆತನ ಮುಂದೆ ಬಿಟ್ಟಿತು. ಹಕ್ಕಿಯು ತಪ್ಪಿಸಿಕೊಂಡಿತು. ಮತ್ತೊಂದನ್ನು ತಂದಿತು, ಕಡೆಗೆ ಸತ್ತವುಗಳನ್ನೂ ತಂದು ನೀಡಿತು. ಹೀಗೆ ನಾಲ್ಕು ದಿನ ನಡೆಯಿತೆಂದು ಆತನೇ ಹೇಳಿಕೊಂಡಿದ್ದಾನೆ. ಬೇಟೆಯಾಡಲು ಬಾರದ ಈ ವಿಚಿತ್ರಜೀವಿಯು ಉಪವಾಸ ಬಿದ್ದೀತೆಂದು ಅದು ಮರುಗಿತೋ ಏನೋ! ಅದರ ಮನಸ್ಸನ್ನು ಬಲ್ಲವರಾರು? ಇದನ್ನು ಕೇಳಿ ಆ ಪ್ರಾಣಿಯು ಸಾಧುವೆಂದು ಭಾವಿಸುವುದೂ ತಪ್ಪು. 2003ರ ಸಂಗತಿಯನ್ನು ನೆನೆದು ಕ್ರೂರವೆಂದು ನಿಂದಿಸುವುದೂ ತಪ್ಪು. ಆ ನೀರು ಅದರ ಮನೆ. ಮನುಷ್ಯನು ಅಲ್ಲಿ ಅತಿಥಿ.

ಅತಿಥಿಗೆ ಮರ್ಯಾದೆಯುಂಟು, ಎಲ್ಲೆಯೂ ಉಂಟು. 1991ರಲ್ಲಿ ಅನೇಕ ರಾಷ್ಟ್ರಗಳು ಮ್ಯಾಡ್ರಿಡ್ ನಗರದಲ್ಲಿ ಮಾಡಿಕೊಂಡ ಒಪ್ಪಂದದಂತೆ, ದಕ್ಷಿಣ ಧ್ರುವ ಖಂಡದ ಪ್ರಾಣಿಗಳಿಗೆ ಅಪ್ಪಣೆಯಿಲ್ಲದೆ ತೊಂದರೆ ಕೊಡಕೂಡದು. ಅದರ ಮೇರೆಗೆ 1994ರೊಳಗಾಗಿ ನಾಯಿಗಳನ್ನೂ ಅಲ್ಲಿಂದ ಹೊರಗೆ ಸಾಗಿಸಿದರು. ಪೆಂಗ್ವಿನ್‌ನಿಂದ 5 ಮೀಟರಾದರೂ ದೂರದಲ್ಲಿ ನಿಲ್ಲಬೇಕೆಂದು ಪ್ರವಾಸಿಗಳಿಗೆ ವಿಧಿಸಿದೆ. ಉತ್ತರ ಧ್ರುವದ ಕಡೆ, ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ ಬಿಳಿಯ ಕರಡಿಯಿಂದ 300 ಮೀಟರು, ಮಾರ್ಚಿನಿಂದ ಜೂನ್‌ವರೆಗೆ 500 ಮೀಟರು ದೂರವಿರಬೇಕೆಂಬ ಕಾಯಿದೆಯು 2025ರ ಜನವರಿಯಿಂದ ಜಾರಿಗೆ ಬಂದಿತು. ಇದರಿಂದ ಛಾಯಾಗ್ರಾಹಕನಿಗೆ ಕೆಲವು ಚಿತ್ರಗಳು ತಪ್ಪಿಯಾವು, ನಿಜ. ಆದರೆ ಬೆದರಿದ ತಾಯಿಹಕ್ಕಿಯು ಗೂಡನ್ನು ಬಿಟ್ಟೆದ್ದರೆ, ಸ್ಕೂವಾ ಎರಗಲು ಕ್ಷಣಮಾತ್ರ ಸಾಕು. ಒಂದು ಚಿತ್ರಕ್ಕಾಗಿ ಒಂದು ಸಂಸಾರವೇ ಕೆಟ್ಟಂತಾಗುವುದು.

ಮುಂದೆ ಮಕ್ಕಳೊಡನೆ ಪೆಂಗ್ವಿನ್‌ಗಳ ಚಿತ್ರವನ್ನು ನೋಡುವಾಗ, ಅದರಲ್ಲಿ ಕಾಣಿಸದ ಆ ಮನುಷ್ಯನನ್ನೂ ಒಮ್ಮೆ ನೆನೆಯೋಣ. ಚಳಿಯಲ್ಲಿ ಬೆರಳು ಮರಗಟ್ಟುತ್ತಿದ್ದರೂ ಆತನು ತಾಳ್ಮೆಯಿಂದ ಕಾದುದರಿಂದಲೇ ಆ ಹಕ್ಕಿಯು ನಮ್ಮ ಮನೆಗೆ ಬಂದಿತು.