ಮಾಲೂರಿನ ಮಣ್ಣು, ಜಪಾನಿನ ಲೋಟ

ಮಾಲೂರು ಅಂದ ಕೂಡಲೇ ನೆನಪಾಗೋದು ಹೆಂಚು, ಇಟ್ಟಿಗೆ. ಅದೇ ಕೆಂಪು ಮಣ್ಣಲ್ಲಿ ನಮ್ಮ ಕ್ಯಾಂಟೀನ್‌ಗೆ ದಿನಾ ತೊಳೆದು ಬಳಸೋ ಟೀ ಲೋಟ ಮಾಡಬಹುದಾ? ಮಾಡಬಹುದು. ಆದ್ರೆ ಹೆಂಚು ಸುಟ್ಟ ಹಾಗೆ ಸುಟ್ಟರೆ ಆಗಲ್ಲ.

ಮಣ್ಣಿನ ಲೋಟದ ಮಾತು ಬಂದ್ರೆ ಎಲ್ಲರೂ ಜಪಾನ್ ಕಡೆ ಕೈ ತೋರಿಸ್ತಾರೆ. ಅಲ್ಲಿನ ದಿನಬಳಕೆಯ ಚಹಾ ಲೋಟ ಯುನೊಮಿ. ಅದಕ್ಕೆ ಹಿಡಿ ಇರಲ್ಲ. ಹಸಿರು ಚಹಾಕ್ಕೆ ಸಾಮಾನ್ಯವಾಗಿ 70-80 ಡಿಗ್ರಿ ನೀರು ಸಾಕು. ಲೋಟ ಕೈಗೆ ಹಿತವಾದ್ರೆ ಚಹಾ ಬಾಯಿಗೂ ಹಿತ. ನಮ್ಮದು ಹಾಲು ಹಾಕಿ ಕುದಿಸಿ ಇಳಿಸಿದ ಟೀ. ಯುನೊಮೀನ ಹಾಗೇ ಕಾಪಿ ಹೊಡೆದ್ರೆ ಕೈ ಸುಡುತ್ತೆ ಅಷ್ಟೇ. ನಮಗೆ ಬೇಕಾದ್ದು ಹಿಡಿ, ಇಲ್ಲಾ ಹೊರಕ್ಕೆ ಬಾಗಿದ ದಪ್ಪ ಅಂಚು.

ಕಾಪಿ ಹೊಡೀಬೇಕಾದ್ದು ಮಾಶಿಕೊ ಅನ್ನೋ ಊರಿನ ಬುದ್ಧಿಯನ್ನ. ಟೋಕಿಯೋದ ಉತ್ತರಕ್ಕಿರುವ ಈ ಊರಲ್ಲಿ ಅಡುಗೆಮನೆಯ ಒರಟು ಪಾತ್ರೆಗಳನ್ನ ಮಾಡ್ತಿದ್ರು. ಹಮಾದಾ ಶೋಜಿ 1920ರ ದಶಕದಲ್ಲಿ ಅಲ್ಲಿಗೆ ಬಂದು, ಅದೇ ಒರಟು ಮಣ್ಣಿಗೆ ಒಪ್ಪುವಂಥ ದಪ್ಪ, ಸರಳ ಲೋಟ-ತಟ್ಟೆಗಳನ್ನ ಮಾಡಿದರು. 1955ರಲ್ಲಿ ಜಪಾನ್ ಸರ್ಕಾರ ಅವರನ್ನ 'ಜೀವಂತ ರಾಷ್ಟ್ರೀಯ ನಿಧಿ' ಎಂದು ಗೌರವಿಸಿತು. 1958ರಿಂದ ಯೊಕೊಕಾವಾ ಸ್ಟೇಷನ್ನಿನಲ್ಲಿ ಪ್ರಯಾಣಿಕರಿಗೆ ಮಾಶಿಕೊ ಮಡಕೆಯಲ್ಲೇ ಅನ್ನ ಮಾರತೊಡಗಿದರು. ಆ ಮಡಕೆಯನ್ನ ಮನೆಗೆ ಒಯ್ದು ಮತ್ತೆ ಬಳಸಬಹುದು.

ನಮ್ಮ ರೈಲ್ವೆಯಲ್ಲೂ 2004ರಲ್ಲಿ ಲಾಲು ಪ್ರಸಾದ್ ಕುಲ್ಹಡ್ ತಂದರು, 2020ರಲ್ಲಿ ಪಿಯೂಷ್ ಗೋಯಲ್ ಮತ್ತೆ ಘೋಷಿಸಿದರು. ಆದ್ರೆ ಅದು ಕುಡಿದು ಎಸೆಯೋ ಲೋಟ. 'ಮಣ್ಣಿಂದ ಬಂದದ್ದು ಮಣ್ಣಿಗೆ' ಅಂತ ಎಲ್ಲರೂ ಹೇಳ್ತಾರೆ, ಅದು ಪೂರ್ತಿ ನಿಜ ಅಲ್ಲ. ಜೇಡಿಮಣ್ಣನ್ನ ಸುಮಾರು 600 ಡಿಗ್ರಿ ದಾಟಿಸಿದ್ರೆ ಅದರ ಹರಳುಗಳೊಳಗಿನ ನೀರು ಹೊರಟುಹೋಗುತ್ತೆ. ಆಮೇಲೆ ಎಷ್ಟೇ ನೆನೆಸಿದ್ರೂ ತಿಗರಿಗೆ ಬರಲ್ಲ. ಕುಂಟೆಬಿಲ್ಲೆ ಆಡೋ ಹೆಂಚಿನ ಚೂರು ಮಳೆಯಲ್ಲಿ ಕರಗಿದ್ದನ್ನ ಯಾರಾದ್ರೂ ನೋಡಿದ್ದೀರಾ? ಒಂದು ಟೀಗೆ ಒಂದು ಲೋಟದ ಮಣ್ಣು, ಅದನ್ನ ಸುಡೋ ಸೌದೆ. ಈ ಲೆಕ್ಕ ನಮಗಂತೂ ದುಬಾರಿ ಅನ್ಸುತ್ತೆ.

ತೊಳೆದು ಬಳಸೋಕೆ ಅಡ್ಡಿ ರಂಧ್ರಗಳು. ಕುಂಬಾರರ ಆವಿಗೆಯಲ್ಲಿ 700-900 ಡಿಗ್ರಿಗೆ ಬೆಂದ ಮಣ್ಣು ಹಾಲನ್ನ ಹೀರಿ ಒಳಗೇ ಹುಳಿ ಹಿಡಿಸುತ್ತೆ. ಪರೀಕ್ಷೆ ಸುಲಭ: ಒಣ ಲೋಟ ತೂಗಿ, 24 ಗಂಟೆ ನೆನೆಸಿ, ಒರೆಸಿ ಮತ್ತೆ ತೂಗಿ. ಹೆಚ್ಚಾದ ತೂಕವನ್ನ ಒಣ ತೂಕದಿಂದ ಭಾಗಿಸಿ ನೂರರಿಂದ ಗುಣಿಸಿ. ಹಾಲಿನ ಟೀಗೆ ಈ ಸಂಖ್ಯೆ ಕಡಿಮೆ ಇದ್ದಷ್ಟೂ ಒಳ್ಳೇದು, ಪಿಂಗಾಣಿಯಲ್ಲಿ 0.5%ಗಿಂತ ಕಮ್ಮಿ.

ಹಾಗಂತ ಕೆಂಪು ಮಣ್ಣನ್ನ 1200 ಡಿಗ್ರಿಗೆ ಏರಿಸಿದ್ರೆ, ಅದರಲ್ಲಿರೋ ಕಬ್ಬಿಣವೇ ಕರಗಿಸೋ ಕೆಲಸ ಮಾಡಿ ಲೋಟ ಕುಸಿದು ಕೂರಬಹುದು. ಉಳಿದ ದಾರಿ ಒಳಗೋಡೆಗೆ ಗ್ಲೇಜ್, ಅಂದ್ರೆ ಗಾಜಿನ ತೆಳು ಪದರ. ಕಡಿಮೆ ಶಾಖಕ್ಕೆ ಕರಗಲಿ ಅಂತ ಹಿಂದೆ ಸೀಸ ಬೆರೆಸ್ತಿದ್ರು, ಅದು ವಿಷ. ಈಗ ಬೋರಾನ್ ಇರೋ, ಸೀಸವಿಲ್ಲದ ಗ್ಲೇಜ್ ಸಿಗುತ್ತೆ. ಗ್ಲೇಜ್ ಮಣ್ಣಿಗಿಂತ ಜಾಸ್ತಿ ಕುಗ್ಗಿದ್ರೆ ಕೂದಲೆಳೆಯಂಥ ಬಿರುಕು ಬಿಡುತ್ತೆ, ಅಲ್ಲಿಂದ ಹಾಲು ಮತ್ತೆ ಒಳಗೆ. ನಮ್ಮ ಮಟ್ಟಿಗೆ ಇಡೀ ಡಿಸೈನ್‌ನ ಕಷ್ಟ ಇರೋದು ಇಲ್ಲೇ.

ನೀರಿನ ಹೂಜಿಗೆ ಇದೆಲ್ಲ ಉಲ್ಟಾ. ಅಲ್ಲಿ ರಂಧ್ರವೇ ಬಂಡವಾಳ. ಒಂದು ಲೀಟರಿನಲ್ಲಿ 10 ಮಿ.ಲೀ. ಆವಿಯಾದ್ರೆ ಸುಮಾರು 24 ಕಿಲೋಜೌಲ್ ಶಾಖ ಹೋಗುತ್ತೆ. ಅದೆಲ್ಲ ನೀರಿನಿಂದಲೇ ಹೋದ್ರೆ ಐದಾರು ಡಿಗ್ರಿ ತಂಪು. ಮುಳಬಾಗಿಲು, ಶ್ರೀನಿವಾಸಪುರದ ಬೋರ್‌ವೆಲ್ ಗಡಸು ನೀರಿನ ಉಪ್ಪು ನಿಧಾನಕ್ಕೆ ಈ ರಂಧ್ರಗಳನ್ನ ಮುಚ್ಚುತ್ತೆ. ಇನ್ನೊಂದು ಮಾತು: ಹೂಜಿಯನ್ನ ಫ್ಲೋರೈಡ್ ಫಿಲ್ಟರ್ ಅಂತ ನಂಬಬೇಡಿ. ನಮ್ಮ ಜಿಲ್ಲೆಯಲ್ಲಿ ಅದು ತಮಾಷೆಯ ವಿಷಯ ಅಲ್ಲ.

ಲೋಟ ಮಾಡೋಕೆ ಹೊರಟವರಿಗೆ ಅಳತೆ ಇಷ್ಟು: ಮಣ್ಣು ಒಣಗಿ ಬೇಯುವಾಗ ಒಟ್ಟು 10% ಕುಗ್ಗಿದ್ರೆ, 81 ಮಿ.ಮೀ. ಎತ್ತರದ ಲೋಟಕ್ಕೆ ತಿಗರಿ ಮೇಲೆ 90 ಮಿ.ಮೀ. ಎತ್ತಬೇಕು. ಮಣ್ಣಿಗೆ ಕೆರೆಯಂಗಳಕ್ಕೇ ಹೋಗಬೇಕು. 2018ರಿಂದ ಕೆ.ಸಿ. ವ್ಯಾಲಿ ನೀರು ಕೋಲಾರದ ಕೆರೆಗಳಿಗೆ ಬರ್ತಿದೆ, ಆದ್ದರಿಂದ ತುಂಬಿದ ಕೆರೆಯ ಮಣ್ಣು ಬೇಕಂದ್ರೆ ನೀರು ಇಳಿಯೋವರೆಗೆ ಕಾಯಬೇಕು.