ಚೆನ್ನೆಮಣೆ: ಹಲಗೆ ಮತ್ತು ಮಾತು

ಹೊರನಾಡಿನ ಕನ್ನಡಿಗರು ತಮ್ಮ ಬಾಲ್ಯವನ್ನು ನೆನೆಯುವಾಗ ಊರು, ಹೊಳೆ, ಶಾಲೆಗಳ ಜೊತೆಗೆ ಆಟಗಳ ಹೆಸರುಗಳೂ ತಪ್ಪದೆ ಬರುತ್ತವೆ: ಗೋಲಿ, ಬುಗುರಿ, ಚಿನ್ನಿದಾಂಡು, ಕುಂಟೆಬಿಲ್ಲೆ, ಚೌಕಾಬಾರ, ಚೆನ್ನೆಮಣೆ. ಇಂಥ ನೆನಪುಗಳನ್ನು ಬರಿಯ ಹಂಬಲವೆಂದು ಬದಿಗಿಡುವುದು ವಾಡಿಕೆ. ಆದರೆ ಒಂದು ಆಟದ ಸುತ್ತ ಬೆಳೆದ ಮಾತನ್ನು ಪರಿಶೀಲಿಸಿದರೆ, ಆ ಹಂಬಲದೊಳಗೆ ಜಾನಪದ ಅಧ್ಯಯನಕ್ಕೆ ಬೇಕಾದ ಸಾಮಗ್ರಿ ಎಷ್ಟು ಅಡಗಿದೆ ಎಂಬುದು ತಿಳಿಯುತ್ತದೆ. ಚೆನ್ನೆಮಣೆ ಇದಕ್ಕೆ ಒಳ್ಳೆಯ ನಿದರ್ಶನ.

ಚೆನ್ನೆಮಣೆಯೆಂದರೆ ಏಳೇಳು ಕುಳಿಗಳ ಎರಡು ಸಾಲುಗಳುಳ್ಳ ಮರದ ಹಲಗೆ. ಹಳೆಯ ಮೈಸೂರಿನ ಕಡೆ ಇದೇ ಅಳಗುಳಿಮಣೆ. ಕುಳಿಗೆ ನಾಲ್ಕರಂತೆ 56 ಕಾಯಿಗಳು. ಐದರಂತೆ 70 ಕಾಯಿ ಹಾಕುವ ಕ್ರಮವೂ ಉಂಟು. ಕಾಯಿಗಳಾಗಿ ಮಂಜೊಟ್ಟಿ, ಹುಣಸೆಬೀಜ, ಗುಲಗಂಜಿ ಬಳಕೆಯಾಗುತ್ತಿದ್ದವು. ಸರದಿ ಬಂದವರು ತಮ್ಮ ಸಾಲಿನ ಒಂದು ಕುಳಿಯಿಂದ ಕಾಯಿಗಳನ್ನೆಲ್ಲ ಎತ್ತಿ ಮುಂದಿನ ಕುಳಿಗಳಿಗೆ ಒಂದೊಂದಾಗಿ ಹಂಚುತ್ತಾರೆ. ಕೈ ಬರಿದಾದಾಗ ಮುಂದಿನ ಕುಳಿಯಿಂದ ಮತ್ತೆ ಎತ್ತಿ ಹಂಚಬೇಕು. ಆ ಮುಂದಿನ ಕುಳಿಯೇ ಬರಿದಾಗಿದ್ದರೆ ಅದನ್ನು ಬೆರಳಿನಿಂದ ಸವರಿ, ಅದರಾಚೆಯ ಕುಳಿಯಲ್ಲಿರುವುದನ್ನು ಗೆದ್ದುಕೊಳ್ಳುತ್ತಾರೆ. ಒಂದು ಸುತ್ತಿನಲ್ಲಿ ಸೋತವರು ಮರುಸುತ್ತಿಗೆ ತಮ್ಮಲ್ಲಿ ಉಳಿದ ಕಾಯಿಗಳಿಂದ ತುಂಬುವಷ್ಟು ಕುಳಿಗಳನ್ನು ಮಾತ್ರ ತುಂಬಿ ಆಡಬೇಕು. ಊರಿಂದೂರಿಗೆ ನಿಯಮಗಳಲ್ಲಿ ಭೇದಗಳಿವೆ. ಎಲ್ಲ ಬಗೆಗಳಲ್ಲಿಯೂ ಸಮಾನವಾದುದೆಂದರೆ, ಇಲ್ಲಿ ದಾಳವಿಲ್ಲ, ಅದೃಷ್ಟವನ್ನು ದೂರುವ ಅವಕಾಶವಿಲ್ಲ. ಎಣಿಕೆ ಮತ್ತು ಮುಂದಾಲೋಚನೆಗಳೇ ಆಟದ ಜೀವಾಳ.

ಈ ಆಟ ಕನ್ನಡನಾಡಿಗೆ ಮಾತ್ರ ಸೇರಿದ್ದಲ್ಲ. ಚೆನ್ನೈಗೆ ಹೋಗಿ ನೆಲಸಿದ ಕನ್ನಡ ಕುಟುಂಬಕ್ಕೆ ನೆರೆಮನೆಯಲ್ಲಿ ಇದೇ ಹಲಗೆ ಪಲ್ಲಾಂಗುಳಿ ಎಂಬ ಹೆಸರಿನಿಂದ ಎದುರಾಗುತ್ತದೆ. ಅಲ್ಲಿ ಒಂದು ಕುಳಿಯಲ್ಲಿ ನಾಲ್ಕು ಕಾಯಿ ಕೂಡಿದರೆ ಅದು ‘ಪಸು’, ಅಂದರೆ ಹಸು. ಹೈದರಾಬಾದಿನಲ್ಲಿ ಇದು ವಾಮನಗುಂಟಲು. ಶ್ರೀಲಂಕೆಯಲ್ಲಿ ಗುಲಗಂಜಿಯ ಹೆಸರನ್ನೇ ಹೊತ್ತು ಓಲಿಂದ ಕೆಳಿಯ ಎನಿಸಿಕೊಂಡಿದೆ. ಆಫ್ರಿಕ ಖಂಡದಲ್ಲಿಯೂ ಇದರ ಬಂಧುಗಳಾದ ಆಟಗಳು ಹಲವಿವೆ. ಆದ್ದರಿಂದ ಹಲಗೆ ಮತ್ತು ನಿಯಮಗಳನ್ನಷ್ಟೇ ನೋಡಿದರೆ ಚೆನ್ನೆಮಣೆ ಅಳಿದುಹೋಗುವ ಭಯವಿಲ್ಲ. ಅಳಿವಿನ ಅಂಚಿನಲ್ಲಿರುವುದು ಆಟದ ಸುತ್ತಲಿನ ಮಾತು.

ತುಳುನಾಡಿನಲ್ಲಿ ಚೆನ್ನೆ ಮುಖ್ಯವಾಗಿ ಆಟಿ ತಿಂಗಳ ಆಟ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಈ ಕಾಲದಲ್ಲಿ ಮಳೆ ಬಿಡದೆ ಸುರಿಯುತ್ತದೆ, ಗದ್ದೆಯ ಕೆಲಸ ಬಿಡುವು ಕೊಡುತ್ತದೆ, ಹೆಂಗಸರು ಮತ್ತು ಮಕ್ಕಳು ಚಾವಡಿಯಲ್ಲಿ ಹಲಗೆಯ ಎದುರು ಕೂರುತ್ತಾರೆ. ಅಲ್ಲಿ ಒಂದು ನಿಷೇಧವಿದೆ: ಅಕ್ಕತಂಗಿಯರು ಎದುರುಬದುರಾಗಿ ಕುಳಿತು ಚೆನ್ನೆಯಾಡಕೂಡದು. ಇದರ ಮೂಲ ಸಿರಿ ಪಾಡ್ದನದಲ್ಲಿದೆ. ಸಿರಿಯ ಮಗಳು ಸೊನ್ನೆ. ಅವಳ ಅವಳಿ ಹೆಣ್ಣುಮಕ್ಕಳು ಅಬ್ಬಗ ಮತ್ತು ದಾರಗ. ಹೆತ್ತವರು ಮನೆಯಲ್ಲಿಲ್ಲದಾಗ ಅವರಿಬ್ಬರೂ ಚೆನ್ನೆಯಾಡುತ್ತಾರೆ. ಆಟ ಜಗಳಕ್ಕೆ ತಿರುಗಿ ಅಬ್ಬಗ ಹಲಗೆಯಿಂದಲೇ ದಾರಗಳನ್ನು ಹೊಡೆದು ಕೊಲ್ಲುತ್ತಾಳೆ. ಬಳಿಕ ತಾನೂ ಬಾವಿಗೆ ಹಾರುತ್ತಾಳೆ. ಮಕ್ಕಳನ್ನು ಕರುಣಿಸಿದ ಬೆರ್ಮೆರಿಗೆ ಹೆತ್ತವರು ಹರಕೆ ತೀರಿಸಲು ಮರೆತದ್ದೇ ಈ ದುರಂತಕ್ಕೆ ಕಾರಣವೆಂದು ಪಾಡ್ದನ ಹೇಳುತ್ತದೆ. ಹಾಡುವವರಿಂದ ಹಾಡುವವರಿಗೆ ವಿವರಗಳು ಬದಲಾಗುತ್ತವೆ. ಗೋಪಾಲ ನಾಯ್ಕರು ಹಾಡಿದ ಪಾಠವನ್ನು ಲೌರಿ ಹೊಂಕೊ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದರು. ಅದರಲ್ಲಿ 15,683 ಸಾಲುಗಳಿವೆ. ಇಷ್ಟು ದೊಡ್ಡ ಕಾವ್ಯದ ಒಂದು ಎಳೆಯನ್ನು ಮಗುವಿಗೆ ಮೊದಲು ತಲಪಿಸುತ್ತಿದ್ದುದು ಪುಸ್ತಕವಲ್ಲ, ‘ನೀವಿಬ್ಬರೂ ಆಡಬೇಡಿ’ ಎಂಬ ಅಜ್ಜಿಯ ಗದರಿಕೆ.

ಉದ್ಯೋಗವನ್ನರಸಿ ಕರಾವಳಿಯಿಂದ ಮುಂಬಯಿಗೆ ಬಂದವರ ಸಾಮಾನಿನಲ್ಲಿ ಭಾರದ ಹಲಗೆಗೆ ಜಾಗವಿರಲಿಲ್ಲ. ಚಾಳಿನ ಒಂದೇ ಕೋಣೆಯಲ್ಲಿ ಚಾವಡಿಯೂ ಇರಲಿಲ್ಲ. ಚೌಕಾಬಾರಕ್ಕೆ ಸೀಮೆಸುಣ್ಣದ ನಾಲ್ಕು ಗೆರೆ ಸಾಕು. ಚೆನ್ನೆಗೆ ಕುಳಿ ಬೇಕು, ಸಿಮೆಂಟಿನ ನೆಲ ಕುಳಿಗೆ ಒಗ್ಗದು. ಆಟಿ ತಿಂಗಳ ಬಿಡುವಂತೂ ನಗರದಲ್ಲಿ ಅರ್ಥ ಕಳೆದುಕೊಂಡಿತು. ಮಳೆಗಾಲದಲ್ಲಿಯೂ ಶಾಲೆ, ಹೋಟೆಲು, ಕಚೇರಿಗಳು ನಡೆದೇ ಇರುತ್ತವೆ. ಮುಂಬಯಿಯಲ್ಲಿ 1972ರಲ್ಲಿ ಟೆಲಿವಿಷನ್ ಕೇಂದ್ರ ಆರಂಭವಾಯಿತು. ಬೆಂಗಳೂರಿಗೆ ಅದು ಬಂದದ್ದು 1981ರಲ್ಲಿ. ಹೀಗಾಗಿ ಮುಂಬಯಿ ಕನ್ನಡಿಗರ ಮಕ್ಕಳ ಸಂಜೆಗಳಿಗೆ ಹಿಂದಿ, ಮರಾಠಿಗಳ ದೃಶ್ಯಲೋಕ ಊರಿನ ಮಕ್ಕಳಿಗಿಂತ ಬಹುಮುಂಚೆ ಪ್ರವೇಶಿಸಿತು. ಆದರೂ ಆಟವನ್ನು ಟೆಲಿವಿಷನ್ ಕೊಂದಿತೆನ್ನುವುದು ಅವಸರದ ತೀರ್ಮಾನವಾದೀತು. ಎದುರು ಕೂರುವ ಅತ್ತೆ, ಚಿಕ್ಕಮ್ಮ, ನೆರೆಯವರು ಇಲ್ಲದ ಮನೆಯಲ್ಲಿ ಆಟ ಅದಕ್ಕೆ ಮೊದಲೇ ಸೊರಗಿತ್ತು.

ಈಚಿನ ವರ್ಷಗಳಲ್ಲಿ ಹಲಗೆ ಮರಳಿ ಬಂದಿದೆ. ಕರಕುಶಲ ಮಳಿಗೆಗಳಲ್ಲಿ ಅದು ಅಲಂಕಾರದ ವಸ್ತು. ಮೊಬೈಲಿನಲ್ಲಿ ಒಂಟಿಯಾಗಿ ಆಡಬಲ್ಲ ಆಟ. ಮುಂಬಯಿಯ ತುಳು-ಕನ್ನಡ ಸಂಘಗಳು ನಡೆಸುವ ‘ಆಟಿಡೊಂಜಿ ದಿನ’ದಂಥ ಕಾರ್ಯಕ್ರಮಗಳಲ್ಲಿ ಪ್ರದರ್ಶನದ ಸಾಮಗ್ರಿ. ಇದು ಸಂತೋಷದ ಸಂಗತಿಯೇ. ಆದರೆ ಮಳಿಗೆಯ ಹಲಗೆಯೊಡನೆ ಬರುವ ಚೀಟಿಯಲ್ಲಿ ನಿಯಮಗಳಿರಬಹುದು, ಅಬ್ಬಗ-ದಾರಗರಿರುವುದಿಲ್ಲ. ಅಕ್ಕತಂಗಿಯರು ಇಂದು ನಿರಾತಂಕವಾಗಿ ಎದುರುಬದುರು ಕುಳಿತು ಆಡಬಹುದು. ನಿಷೇಧ ಸಡಿಲಿದ್ದರಿಂದ ನಷ್ಟವೇನೂ ಇಲ್ಲ. ಏಕೆ ಆಡಬಾರದೆಂದು ಹೇಳುತ್ತಿದ್ದರು ಎಂಬುದೇ ತಿಳಿಯದೆ ಹೋದರೆ ಮಾತ್ರ ನಷ್ಟ.

ಹೊರನಾಡಿನ ಕನ್ನಡ ವಿಭಾಗಗಳ ವಿದ್ಯಾರ್ಥಿಗಳಿಗೆ ಇಲ್ಲಿ ಮಾಡಬಹುದಾದ ಕೆಲಸವಿದೆ. ಅದಕ್ಕಾಗಿ ದೂರದ ಊರಿಗೆ ಹೋಗಬೇಕಾಗಿಲ್ಲ. ಮನೆಯ ಹಿರಿಯರ ಮುಂದೆ ಒಂದು ಹಲಗೆಯನ್ನೂ ಹಿಡಿ ಹುಣಸೆಬೀಜವನ್ನೂ ಇಟ್ಟರೆ ಸಾಕು. ಪ್ರಶ್ನಾವಳಿಗೆ ದೊರೆಯದ ಪದಗಳು ಕಾಯಿ ಹಂಚುವ ಕೈಯೊಡನೆ ತಾವಾಗಿ ಹೊರಬರುತ್ತವೆ. ಕುಳಿ ಸವರುವಾಗಿನ ಉದ್ಗಾರ, ಸೋತವರನ್ನು ಕೆಣಕುವ ನುಡಿ, ಅರ್ಧಕ್ಕೆ ನಿಂತ ಕತೆ ಎಲ್ಲವನ್ನೂ ಬರೆದಿಟ್ಟುಕೊಳ್ಳಬೇಕು. ಹಲಗೆಯನ್ನು ಬಡಗಿ ಮತ್ತೆ ಕೆತ್ತಿಯಾನು. ಆ ಮಾತುಗಳನ್ನು ಬಲ್ಲ ಹಿರಿಯರು ಮಾತ್ರ ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ.